ಹೆಸರಿಲ್ಲದ ಎಂಜಿನ್ ಬ್ಲಾಕಿನ ಮೂಲನಿರ್ಣಯ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯನ್ನು ಕುರಿತ ಒಂದು ವಿಚಾರ

ಗೋಕಾಕದಲ್ಲಿ ದೊರೆತ ದೆಜ್ಜ ಮಹಾರಾಜನ ತಾಮ್ರಶಾಸನವು ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಅದರಲ್ಲಿ ‘ಆಗುಪ್ತಾಯಿಕ’ ರಾಜರ 845 ವರ್ಷಗಳು ಕಳೆದಿದ್ದುವೆಂದು ಸ್ಪಷ್ಟವಾಗಿ ಹೇಳಿದೆ. ಆದರೆ ಆ ಗಣನೆಯು ಯಾವ ವರ್ಷದಿಂದ ಮೊದಲಾಯಿತೆಂಬ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅಂಕೆಯಿದ್ದೂ ಕಾಲವು ನಿಶ್ಚಯವಾಗದ ಈ ಬಗೆಯ ತೊಡಕು ಪ್ರಾಚೀನ ವಸ್ತುಗಳಿಗೆ ಮಾತ್ರ ಮೀಸಲೆಂದು ತಿಳಿಯಬೇಕಾಗಿಲ್ಲ. ಅದೇ ಸೀಮೆಯ ತೋಟದ ಬಾವಿಯ ಬದಿಯಲ್ಲಿಯೋ ಹಿಟ್ಟಿನ ಗಿರಣಿಯ ಹಿತ್ತಲಿನಲ್ಲಿಯೋ ಬಿದ್ದಿರುವ ಬೀಡಿನ ಒಂದು ಎಂಜಿನ್ ಬ್ಲಾಕು ಇದೇ ಪ್ರಶ್ನೆಯನ್ನು ಇನ್ನೂ ಕಠಿಣವಾಗಿ ಒಡ್ಡುತ್ತದೆ. ಅದರ ಮೇಲೆ ಹೆಸರಿಲ್ಲ, ನಂಬರಿಲ್ಲ. ಇದ್ದ ಅಂಕೆಯು ಸವೆದಿದೆ, ಇಲ್ಲವೆ ಯಾರೋ ಉಜ್ಜಿ ತೆಗೆದಿದ್ದಾರೆ. ಇಂಥ ಬ್ಲಾಕು ಯಾವ ದೇಶದಲ್ಲಿ, ಯಾವ ಕಾರಖಾನೆಯಲ್ಲಿ, ಯಾವ ಸುಮಾರಿಗೆ ಎರಕಗೊಂಡಿತೆಂಬುದನ್ನು ನಿರ್ಣಯಿಸುವ ಬಗೆ ಯಾವುದು, ಆ ನಿರ್ಣಯಕ್ಕೆ ಎಷ್ಟು ಬೆಲೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಮೊದಲು ಭೂಗೋಳದ ಮಾತು. ಮೂಡಲಗಿಯು ಈಚೆಗೆ ಪ್ರತ್ಯೇಕ ತಾಲ್ಲೂಕಾಗುವ ತನಕ ಗೋಕಾಕ ತಾಲ್ಲೂಕಿನಲ್ಲಿಯೇ ಸೇರಿದ್ದಿತು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದೆ. ಪಾಚ್ಛಾಪುರ, ಗೋಕಾಕ ರೋಡ್, ಘಟಪ್ರಭಾ ನಿಲ್ದಾಣಗಳು ಬೆಳಗಾವಿ-ಮಿರಜ ರೈಲುದಾರಿಯ ಮೇಲಿವೆ. 1956ರ ನವೆಂಬರ್ 1ರ ತನಕ ಈ ಪ್ರದೇಶವೆಲ್ಲವೂ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಪೂರ್ವಕ್ಕೆ ಮುಧೋಳ, ಜಮಖಂಡಿ, ದಕ್ಷಿಣಕ್ಕೆ ರಾಮದುರ್ಗ, ವಾಯವ್ಯಕ್ಕೆ ಕೊಲ್ಲಾಪುರ ಸಂಸ್ಥಾನಗಳಿದ್ದುವು. ಇವುಗಳಲ್ಲಿ ಮೊದಲಿನ ಮೂರೂ 1948ರಲ್ಲಿ, ಕೊಲ್ಲಾಪುರವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ಆದುದರಿಂದ ಈ ಸೀಮೆಗೆ ಮೋಟಾರು ಬಂದ ದಾರಿಯು ಬೆಂಗಳೂರು-ಮೈಸೂರುಗಳ ಕಡೆಯದಲ್ಲ, ಮುಂಬಯಿ ಬಂದರಿನದು. ಈ ಒಂದು ಸಂಗತಿಯನ್ನು ಮರೆತರೆ ಮುಂದಿನ ಊಹೆಗಳೆಲ್ಲವೂ ದಾರಿ ತಪ್ಪುವುವು.

ಮುಂಬಯಿಯಲ್ಲಿ ಫೋರ್ಡ್ ಕಂಪನಿಯು 1926ರಲ್ಲಿ ತನ್ನ ಶಾಖೆಯನ್ನು ತೆರೆಯಿತು. ಜನರಲ್ ಮೋಟಾರ್ಸ್ ಕಂಪನಿಯು 1928ರಲ್ಲಿ ಅಲ್ಲಿಯೇ ಜೋಡಣೆಯ ಕಾರಖಾನೆಯನ್ನು ಆರಂಭಿಸಿ 1954ರಲ್ಲಿ ನಿಲ್ಲಿಸಿತು. ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದ ಗಾಡಿಗಳು ಇಲ್ಲಿ ಜೋಡಣೆಗೊಂಡು ಲಾರಿ, ಬಸ್ಸು, ಕಾರುಗಳಾಗಿ ಒಳನಾಡಿಗೆ ಇಳಿದುವು. ಹೀಗಿರಲಾಗಿ, ಹಳ್ಳಿಗಳಲ್ಲಿ ಹಳೆಯ ಎಂಜಿನ್ ಕಂಡಕೂಡಲೆ ಅದನ್ನು ‘ಮಹಾರಾಜರ ಕಾರಿನದು’ ಎಂದೋ ‘ಜಹಗೀರದಾರರ ಬಗ್ಗಿಯದು’ ಎಂದೋ ಹೇಳುವ ವಾಡಿಕೆಯನ್ನು ನಾವು ತುಸು ಅನುಮಾನದಿಂದ ಕಾಣಬೇಕಾಗುತ್ತದೆ. ಸಂಸ್ಥಾನಿಕರಲ್ಲಿ ಬೆಲೆಬಾಳುವ ಕಾರುಗಳಿದ್ದುದು ನಿಜ. ಆದರೆ ಅವು ಎಣಿಕೆಯಲ್ಲಿ ಕೆಲವೇ. ಸಂತೆಗೆ ಜನರನ್ನೂ ಬೆಲ್ಲದ ಪೆಂಟಿಗಳನ್ನೂ ಹೊತ್ತ ಬಾಡಿಗೆಯ ಗಾಡಿಗಳೇ ಹೆಚ್ಚು. ಅನಾಮಧೇಯವಾದ ಬ್ಲಾಕು ಅರಮನೆಗಿಂತ ಬಾಡಿಗೆಯ ಲಾರಿಗೆ ಸೇರಿದ್ದಿರುವ ಸಂಭವವೇ ಅಧಿಕ. ಹೇಳಿಕೆಯ ಮಾತನ್ನು ಬರೆದಿಟ್ಟುಕೊಳ್ಳಬೇಕು. ಅದನ್ನೇ ಪ್ರಮಾಣವೆಂದು ಹಿಡಿಯಬಾರದು.

ಗಾಡಿ ಸತ್ತ ಮೇಲೂ ಎಂಜಿನ್ ಬದುಕಿದುದು ಹೇಗೆ? ಗೋಕಾಕ ಫಾಲ್ಸಿನಲ್ಲಿ ಸುಮಾರು 170 ಅಡಿ ಧುಮುಕುವ ಘಟಪ್ರಭೆಯ ಬಲದಿಂದ 1887ರಷ್ಟು ಹಿಂದೆಯೇ ನೂಲಿನ ಗಿರಣಿ ನಡೆಯಿತು. ಆದರೆ ಆ ಬಲವು ಗಿರಣಿಯ ಗೋಡೆಯಾಚೆಗಿನ ರೈತನ ಬಾವಿಗೆ ಬರಲಿಲ್ಲ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪನೆಯಾದುದು 1969ರಲ್ಲಿ. ಈ ಎರಡು ವರ್ಷಗಳ ನಡುವಣ ಎಂಬತ್ತೆರಡು ವರ್ಷಗಳ ಅವಧಿಯೇ ನಮ್ಮ ಬ್ಲಾಕಿನ ಎರಡನೆಯ ಜನ್ಮದ ಕಾಲ. ಕಪಿಲೆಯ ಬಾವಿಗೆ ಪಂಪು, ಹಿಟ್ಟಿನ ಗಿರಣಿ, ಕಬ್ಬಿನ ಗಾಣ ಇವುಗಳಿಗೆ ಎಣ್ಣೆಯ ಎಂಜಿನ್ ಬೇಕಾಗಿತ್ತು; ಹೊಸದನ್ನು ಕೊಳ್ಳಲಾರದವನಿಗೆ ಮುರಿದ ಲಾರಿಯ ಎಂಜಿನ್ನೇ ಗತಿ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿನ ಅಭಾವದಿಂದ ಬಸ್ಸುಗಳಿಗೆ ಇದ್ದಿಲಿನ ಗ್ಯಾಸ್ ಯಂತ್ರವನ್ನು ಕಟ್ಟಿದ್ದೂ, 1948ರ ಜೂನ್ 1ರಂದು ಮುಂಬಯಿ ಸರಕಾರದ ಬಸ್ ಸಾರಿಗೆ ಆರಂಭವಾಗಿ ಖಾಸಗಿ ಬಸ್ಸಿನವರ ದಾರಿಗಳು ಕ್ರಮೇಣ ಕುಗ್ಗಿದ್ದೂ ಇಲ್ಲಿ ನೆನಪಿಡತಕ್ಕ ಸಂಗತಿಗಳು. ಸ್ಥಿರಯಂತ್ರವಾಗಿ ಕೂರುವಾಗ ಬ್ಲಾಕಿಗೆ ಹೊಸ ತೂತುಗಳು ಬಿದ್ದುವು, ಪಾದಗಳನ್ನು ಕತ್ತರಿಸಿದರು, ಒಡೆದ ನೀರಿನ ಗೋಡೆಗೆ ಹಿತ್ತಾಳೆಯ ಬೆಸುಗೆ ಹಾಕಿದರು. ಪರಿಶೀಲಕನು ಇವನ್ನು ಕೆಡುಕೆಂದು ತಳ್ಳಿಹಾಕಬಾರದು. ಕಾರಖಾನೆಯ ಕೆಲಸ ಯಾವುದು, ಊರ ಮಿಸ್ತ್ರಿಯ ಕೆಲಸ ಯಾವುದು ಎಂದು ಮೊದಲು ಬೇರ್ಪಡಿಸದೆ ಮೂಲನಿರ್ಣಯವು ಅಸಾಧ್ಯ. ಮಿಸ್ತ್ರಿಯ ಕೆಲಸವೂ ಇತಿಹಾಸವೇ ಸರಿ.

ಇನ್ನು ಗುರುತುಗಳ ವಿಚಾರ. ಬ್ಲಾಕಿನ ಮೇಲೆ ಎರಡು ಜಾತಿಯ ಬರಹಗಳಿರುತ್ತವೆ. ಉಬ್ಬಿದ ಅಕ್ಷರಗಳು ಎರಕದ ಅಚ್ಚಿನಿಂದಲೇ ಬಂದವು. ಅದೇ ಅಚ್ಚಿನಿಂದ ಬಂದ ಸಾವಿರಾರು ಬ್ಲಾಕುಗಳಲ್ಲಿ ಅವು ಒಂದೇ ಸಮನಾಗಿರುತ್ತವೆ. ತಗ್ಗಾಗಿ ಕುಟ್ಟಿದ ಅಂಕೆಗಳು ಎಂಜಿನ್ ಸಿದ್ಧವಾದ ಮೇಲೆ ಒತ್ತಿದವು. ಅವು ಆ ಒಂದು ಎಂಜಿನಿಗೆ ಮಾತ್ರ ಸಲ್ಲುವುವು. ಮೊದಲನೆಯದು ಕುಲವನ್ನು ಹೇಳುತ್ತದೆ, ಎರಡನೆಯದು ವ್ಯಕ್ತಿಯನ್ನು. ಉಬ್ಬಿದ ಅಂಕೆಯನ್ನೇ ಎಂಜಿನ್ ನಂಬರೆಂದು ಬಗೆದು ದಫ್ತರಗಳಲ್ಲಿ ಹುಡುಕುವವರು ವ್ಯರ್ಥವಾಗಿ ಬಳಲುತ್ತಾರೆ. ಉಬ್ಬಿದ ಅಂಕೆಗಳಲ್ಲಿಯೂ ಕೆಲವು ಬಿಡಿಭಾಗದ ಸಂಖ್ಯೆ, ಕೆಲವು ಎರಕದ ದಿನಾಂಕ. ಚೆವ್ರೊಲೆಟ್ ಎರಕಗಳಲ್ಲಿ ಬಹುಕಾಲ ತಿಂಗಳನ್ನು ಇಂಗ್ಲಿಷ್ ವರ್ಣಮಾಲೆಯ ಒಂದು ಅಕ್ಷರದಿಂದ, ದಿನವನ್ನು ಅಂಕೆಯಿಂದ, ವರ್ಷವನ್ನು ಅದರ ಕೊನೆಯ ಒಂದೇ ಅಂಕೆಯಿಂದ ಸೂಚಿಸುವ ಪದ್ಧತಿಯಿತ್ತು. ಅಲ್ಲಿ 6 ಎಂದಿದ್ದರೆ ಅದು 1936 ಆಗಬಹುದು, 1946 ಆಗಬಹುದು. ದೆಜ್ಜ ಮಹಾರಾಜನ 845ರ ತೊಡಕು ಇಲ್ಲಿ ಮರಳಿ ಬರುತ್ತದೆ. ಬೇರೆ ಪ್ರಮಾಣದ ನೆರವಿಲ್ಲದೆ ದಶಕವು ತಿಳಿಯದು.

ಆದುದರಿಂದ ಶಾಸನಕ್ಕೆ ನಾವು ಯಾವ ಉಪಚಾರವನ್ನು ಮಾಡುತ್ತೇವೆಯೋ ಅದನ್ನೇ ಬ್ಲಾಕಿಗೂ ಮಾಡಬೇಕು. ಗ್ರೈಂಡರಿನಿಂದಾಗಲಿ ಉಳಿಯಿಂದಾಗಲಿ ತುಕ್ಕನ್ನು ಕೆರೆಯಕೂಡದು. ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಚೂರಿನಿಂದ ಜಿಡ್ಡನ್ನು ಬಿಡಿಸಿ, ಓರೆಯಾಗಿ ಬೆಳಕು ಬೀಳುವಂತೆ ದೀಪವನ್ನು ಹಿಡಿದು ಛಾಯಾಚಿತ್ರ ತೆಗೆಯಬೇಕು. ಕಾಗದವಿಟ್ಟು ಪಡಿಯಚ್ಚನ್ನೂ ತೆಗೆದುಕೊಳ್ಳಬಹುದು. ಉಜ್ಜಿಹೋದ ಅಂಕೆಗಳನ್ನು ಆಮ್ಲದಿಂದ ಮರಳಿ ಕಾಣಿಸುವ ಪೋಲೀಸು ಪ್ರಯೋಗಶಾಲೆಯ ವಿಧಾನವು ಉಕ್ಕಿನಲ್ಲಿ ಫಲಿಸುವಷ್ಟು ಬೀಡಿನಲ್ಲಿ ಫಲಿಸದು.

ಬರಹವು ಇಲ್ಲದಿದ್ದಲ್ಲಿ ಅಳತೆಯೇ ಆಧಾರ. ಸಿಲಿಂಡರಿನ ವ್ಯಾಸ, ಅಂದರೆ ಬೋರು, ಎಲ್ಲರೂ ಮೊದಲು ಅಳೆಯುವ ಅಳತೆ. ಆದರೆ ಇದೇ ಎಲ್ಲಕ್ಕಿಂತ ಮೋಸದ ಅಳತೆಯೂ ಹೌದು. ಸವೆದ ಸಿಲಿಂಡರನ್ನು ಅಂಗುಲದ ಸಾವಿರದ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಭಾಗಗಳಷ್ಟು ದೊಡ್ಡದು ಮಾಡಿ ಹೊಸ ಪಿಸ್ಟನ್ ಕೂಡಿಸುವುದು ಎಲ್ಲ ವರ್ಕ್‌ಶಾಪುಗಳ ರೂಢಿ. ಲೈನರ್ ಹಾಕಿದಲ್ಲಿ ಬೋರು ಮೊದಲಿಗಿಂತ ಕಿರಿದಾಗುವುದೂ ಉಂಟು. ಬದಲಾಗದಿರುವವು ಬೇರೆ: ಸಿಲಿಂಡರಿನ ನಡುವಿನಿಂದ ಮುಂದಿನ ಸಿಲಿಂಡರಿನ ನಡುವಿಗಿರುವ ದೂರ, ಹೆಡ್ಡಿನ ಬೋಲ್ಟುಗಳ ಸಂಖ್ಯೆ ಮತ್ತು ಅವು ನಿಂತ ಕ್ರಮ, ವ್ಯಾಲ್ವುಗಳು ಪಕ್ಕದಲ್ಲಿವೆಯೋ ಹೆಡ್ಡಿನಲ್ಲಿವೆಯೋ, ಹೊಗೆಯ ಬಾಯಿಗಳೆಷ್ಟು, ಮುಖ್ಯ ಬೇರಿಂಗುಗಳೆಷ್ಟು. ಇವನ್ನು ಬದಲಿಸಬೇಕಾದರೆ ಹೊಸ ಬ್ಲಾಕನ್ನೇ ಎರಕ ಹೊಯ್ಯಬೇಕು.

ಬೋರು ಖಚಿತವಾದಲ್ಲಿ ಅದರಿಂದ ಇನ್ನೊಂದು ಪ್ರಯೋಜನವಿದೆ. ಬ್ರಿಟಿಷರ ತೆರಿಗೆಯ ಕುದುರೆಶಕ್ತಿಯನ್ನು ಲೆಕ್ಕ ಹಾಕುತ್ತಿದ್ದುದು ಬೋರಿನಿಂದ ಮಾತ್ರ: ಅಂಗುಲದಲ್ಲಿ ಬೋರಿನ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ 2.5ರಿಂದ ಭಾಗಿಸಬೇಕು. 3¾ ಅಂಗುಲದ ನಾಲ್ಕು ಸಿಲಿಂಡರುಗಳಿಗೆ 22.5 ಬರುತ್ತದೆ. ಇಂಗ್ಲೆಂಡಿನಲ್ಲಿ ತೆರಿಗೆಯು ಈ ಲೆಕ್ಕದ ಮೇಲಿದ್ದುದರಿಂದ ಅಲ್ಲಿಯ ಎಂಜಿನುಗಳು ಸಾಮಾನ್ಯವಾಗಿ ಕಿರಿದಾದ ಬೋರು, ಉದ್ದವಾದ ಸ್ಟ್ರೋಕು ಉಳ್ಳವಾದುವು; ಅಮೆರಿಕದವುಗಳಿಗೆ ಆ ನಿರ್ಬಂಧವಿರಲಿಲ್ಲ. ಫೋರ್ಡ್ ಕಂಪನಿಯೇ ತನ್ನ ‘ಎ’ ಮಾದರಿಯ 3⅞ ಅಂಗುಲದ ಬೋರನ್ನು ಇಂಗ್ಲೆಂಡಿಗಾಗಿ ಸುಮಾರು 3.05 ಅಂಗುಲಕ್ಕೆ ಇಳಿಸಿ 24ರ ಬದಲು 14.9 ಕುದುರೆಯ ಎಂಜಿನನ್ನು ಮಾಡಬೇಕಾಯಿತು. ಒಂದು ದೇಶದ ಕಂದಾಯದ ಕಾನೂನು ಬೀಡಿನ ಗೋಡೆಯಲ್ಲಿ ಹೀಗೆ ಅಚ್ಚೊತ್ತಿ ನಿಂತಿರುವುದು ಸ್ವಾರಸ್ಯವಾಗಿದೆ.

ಅಳತೆಯ ತರುವಾಯ ಥ್ರೆಡ್ಡು. ಬ್ರಿಟನ್ನಿನ ವಿಟ್‌ವರ್ತ್ ಥ್ರೆಡ್ಡಿನ ಕೋನವು 55 ಡಿಗ್ರಿ. ಅಮೆರಿಕದ್ದೂ ಮೆಟ್ರಿಕ್ ಪದ್ಧತಿಯದೂ 60 ಡಿಗ್ರಿ. ಅಂಗುಲಕ್ಕೆ ಎಷ್ಟು ಹಲ್ಲುಗಳೆಂದು ಎಣಿಸಿದರೆ ದೇಶವು ತಿಳಿಯುವುದೆಂದು ಹಲವರು ನಂಬುತ್ತಾರೆ. ಇದು ಅರ್ಧಸತ್ಯ. ಕಾಲು ಅಂಗುಲದ ದಪ್ಪ ಹಲ್ಲಿನ ಬೋಲ್ಟಿಗೆ ಎರಡು ದೇಶಗಳಲ್ಲಿಯೂ 20, ⅜ ಅಂಗುಲದ್ದಕ್ಕೆ ಎರಡರಲ್ಲಿಯೂ 16, 7/16 ಅಂಗುಲದ್ದಕ್ಕೆ ಎರಡರಲ್ಲಿಯೂ 14. ಅರ್ಧ ಅಂಗುಲದ ಬೋಲ್ಟಿನಲ್ಲಿ ಮಾತ್ರ ವಿಟ್‌ವರ್ತಿಗೆ 12, ಅಮೆರಿಕದ್ದಕ್ಕೆ 13 ಎಂಬ ವ್ಯತ್ಯಾಸ ಕಾಣುತ್ತದೆ. ಸಣ್ಣ ಹಲ್ಲಿನವುಗಳಲ್ಲಿ ಭೇದವು ಸ್ಪಷ್ಟ: ⅜ ಅಂಗುಲಕ್ಕೆ ಬ್ರಿಟಿಷ್ ಪದ್ಧತಿಯಲ್ಲಿ 20, ಅಮೆರಿಕದ್ದರಲ್ಲಿ 24. ಹಲ್ಲಿನ ಎಣಿಕೆಯು ಒಂದೇ ಆಗಿರುವಲ್ಲಿ ಗೇಜನ್ನು ಒತ್ತಿ ಕೋನವನ್ನೇ ಪರೀಕ್ಷಿಸಬೇಕು. ಹಲವು ಸಲ ಬಿಚ್ಚಿ ಬಿಗಿದ ರಂಧ್ರದಲ್ಲಿ ಅದೂ ಸುಲಭವಲ್ಲ. ಆದುದರಿಂದ ಯಾರೂ ಮುಟ್ಟದ ಮೂಲೆಯ ರಂಧ್ರವನ್ನು ಆರಿಸಿಕೊಳ್ಳುವುದು ಲೇಸು.

ಈ ವಿಧಾನವು ನಡೆಯುವ ಬಗೆಯನ್ನು ಎರಡು ಉದಾಹರಣೆಗಳಿಂದ ಪರೀಕ್ಷಿಸೋಣ. ನಾಲ್ಕು ಸಿಲಿಂಡರುಗಳು ಒಂದೇ ಎರಕದಲ್ಲಿವೆ, ವ್ಯಾಲ್ವುಗಳು ಪಕ್ಕದಲ್ಲಿವೆ, ಹೊಗೆಗೆ ನಾಲ್ಕು ಬಾಯಿ, ಒಳಗೆಳೆಯುವ ಅನಿಲಕ್ಕೆ ಎರಡೇ ಬಾಯಿ, ಹೆಡ್ಡಿಗೆ 7/16 ಅಂಗುಲದ ಹದಿನೈದು ಬೋಲ್ಟುಗಳ ರಂಧ್ರ, ಮುಖ್ಯ ಬೇರಿಂಗು ಮೂರು, ಬೋರು 3.79 ಅಂಗುಲ ಎಂದು ಇಟ್ಟುಕೊಳ್ಳೋಣ. ಬೋರು ಮೂಲದ್ದಾಗಿರಲಾರದು, 3.75ಕ್ಕೆ ಸಾವಿರದ ನಲವತ್ತು ಭಾಗ ಸೇರಿದೆ. ಇವೆಲ್ಲವೂ ಕೂಡಿದಲ್ಲಿ ಇದು 1908ರಿಂದ 1927ರ ವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಫೋರ್ಡ್ ‘ಟಿ’ ಮಾದರಿಯ ಬ್ಲಾಕೇ ಹೊರತು ಬೇರೆಯಲ್ಲ. ನೀರಿನ ಪಂಪು ಇದ್ದಿತೆಂಬ ಮಾತಿನಿಂದ ಈ ನಿರ್ಣಯಕ್ಕೆ ಬಾಧೆಯಿಲ್ಲ. ಆರಂಭದ ಕೆಲವು ಸಾವಿರ ಕಾರುಗಳನ್ನುಳಿದು ‘ಟಿ’ ಮಾದರಿಗೆ ಕಾರಖಾನೆಯ ಪಂಪಿಲ್ಲವಾದರೂ, ಹೊರಗಿನವರು ಮಾಡಿದ ಪಂಪನ್ನು ಕಟ್ಟಿಸಿಕೊಳ್ಳುವುದು ವಾಡಿಕೆಯಲ್ಲಿತ್ತು.

ಹಾಗಾದರೆ ಹೆಸರೇಕಿಲ್ಲ? ಫೋರ್ಡ್ ಎಂಬ ಹೆಸರು ಎದ್ದು ಕಾಣುವಂತೆ ಎರಕವಾಗಿದ್ದುದು ಹೆಡ್ಡಿನ ಮೇಲೆ. ಹೆಡ್ಡು ಗುಜರಿಗೆ ಹೋದರೆ ಹೆಸರೂ ಅದರೊಡನೆ ಹೋಯಿತು. ನಂಬರಿನ ಜಾಗವು ಎಡಬದಿಯಲ್ಲಿ ನೀರು ಒಳಬರುವ ಬಾಯಿಯ ಮೇಲ್ಗಡೆ ಇದೆ. ಫೋರ್ಡ್ ‘ಟಿ’ಯಲ್ಲಿ ಎಂಜಿನಿನ ನಂಬರೇ ಕಾರಿನ ನಂಬರು, ಅದು ಅಳಿಸಿದರೆ ಗಾಡಿಯ ಗುರುತೇ ಅಳಿಸಿದಂತೆ. ಇನ್ನು ದೇಶದ ಪ್ರಶ್ನೆ ಉಳಿಯುತ್ತದೆ. ಫೋರ್ಡ್ ಎಂದಕೂಡಲೆ ಅಮೆರಿಕವೆಂದು ಬರೆಯುವುದು ಆತುರ. 1904ರಲ್ಲಿ ಒಂಟೇರಿಯೋದ ವಾಕರ್‌ವಿಲ್ಲಿನಲ್ಲಿ ಸ್ಥಾಪಿತವಾದ ಕೆನಡಾದ ಫೋರ್ಡ್ ಕಂಪನಿಗೆ ಬ್ರಿಟನ್, ಐರ್ಲೆಂಡುಗಳನ್ನುಳಿದು ಬ್ರಿಟಿಷ್ ಸಾಮ್ರಾಜ್ಯದಲ್ಲಿ ಮಾರುವ ಹಕ್ಕು ಇದ್ದಿತು. ಕೆನಡಾದಲ್ಲಿ 1913ರಿಂದ ನಂಬರಿನ ಮುಂದೆ ‘ಸಿ’ ಅಕ್ಷರವನ್ನು ಒತ್ತುತ್ತಿದ್ದರು. ಆ ಅಕ್ಷರವು ಉಳಿದಿದ್ದರೆ ಚರ್ಚೆಗೆ ಎಡೆಯಿಲ್ಲ. ಉಳಿಯದಿದ್ದರೆ ಘಟಪ್ರಭೆಯ ದಂಡೆಯ ಬ್ಲಾಕು ಕೆನಡಾದ್ದಾಗಿರುವುದು ಹೆಚ್ಚು ಸಂಭವನೀಯ ಎಂದಷ್ಟೇ ಹೇಳಬಹುದು; ಸಂಭವನೀಯತೆಯನ್ನು ಸಿದ್ಧಾಂತದ ಪಟ್ಟಕ್ಕೆ ಏರಿಸಬಾರದು.

ಎರಡನೆಯ ಉದಾಹರಣೆಯು ಇದಕ್ಕಿಂತ ಬೋಧಪ್ರದವಾಗಿದೆ. ಬೋರು 69.5 ಮಿಲಿಮೀಟರು, ಸ್ಟ್ರೋಕು 102 ಮಿಲಿಮೀಟರು, ನಾಲ್ಕು ಸಿಲಿಂಡರು, ರಂಧ್ರಗಳಲ್ಲೆಲ್ಲ ಮೆಟ್ರಿಕ್ ಥ್ರೆಡ್ಡು. ಇದನ್ನು ಕಂಡ ಅನುಭವಿ ಫಿಟರು ಫ್ರಾನ್ಸಿನದೆಂದೋ ಇಟಲಿಯದೆಂದೋ ಹೇಳಿಬಿಟ್ಟರೆ ಆತನನ್ನು ದೂಷಿಸುವಂತಿಲ್ಲ. ಆದರೆ ಈ ಅಳತೆಯು ಆಕ್ಸ್‌ಫರ್ಡಿನ ಮಾರಿಸ್ ಕೌಲಿ ಕಾರಿನದು. 1,548 ಘನ ಸೆಂಟಿಮೀಟರು, ತೆರಿಗೆಯ ಲೆಕ್ಕದಲ್ಲಿ 11.9 ಕುದುರೆ. ಅಪ್ಪಟ ಇಂಗ್ಲಿಷ್ ಕಾರಿನಲ್ಲಿ ಮೆಟ್ರಿಕ್ ಥ್ರೆಡ್ಡು ಬಂದುದಕ್ಕೆ ಒಂದು ಕಥೆಯಿದೆ. 1915ರ ಕೌಲಿ ಕಾರಿಗೆ ಮಾರಿಸ್ ಅಮೆರಿಕದ ಕಾಂಟಿನೆಂಟಲ್ ಕಂಪನಿಯ ಎಂಜಿನನ್ನು ತರಿಸುತ್ತಿದ್ದನು. ಅದರ ತಯಾರಿಕೆ ನಿಂತ ಬಳಿಕ, ಮೊದಲ ಮಹಾಯುದ್ಧ ಮುಗಿದಾಗ, ಅದೇ ಬಗೆಯ ಎಂಜಿನನ್ನು ಕಾವೆಂಟ್ರಿಯಲ್ಲಿದ್ದ ಹಾಚ್‌ಕಿಸ್ ಕಂಪನಿಯಿಂದ ಮಾಡಿಸಿಕೊಂಡನು. ಹಾಚ್‌ಕಿಸ್ ಫ್ರಾನ್ಸಿನ ಶಸ್ತ್ರಾಸ್ತ್ರದ ಕಂಪನಿ; ಅದರ ಯಂತ್ರಗಳು ಮೆಟ್ರಿಕ್ ಥ್ರೆಡ್ಡನ್ನೇ ಕೊರೆಯುತ್ತಿದ್ದುವು. ಇಂಗ್ಲೆಂಡಿನ ಗ್ಯಾರೇಜುಗಳಲ್ಲಿ ಇದ್ದ ಪಾನಾಗಳೋ ವಿಟ್‌ವರ್ತ್ ಅಳತೆಯವು. ಆದುದರಿಂದ ಥ್ರೆಡ್ಡು ಮೆಟ್ರಿಕ್, ಬೋಲ್ಟಿನ ಆರುಮೂಲೆಯ ತಲೆ ವಿಟ್‌ವರ್ತ್ ಎಂಬ ಸಂಕರವು ಹುಟ್ಟಿತು. 1923ರಲ್ಲಿ ಮಾರಿಸ್ ಆ ಕಾರಖಾನೆಯನ್ನೇ ಕೊಂಡುಕೊಂಡರೂ ಈ ರೂಢಿ ಮುಂದುವರಿದು, ಅದೇ ಮನೆತನದ ಎಂ.ಜಿ. ಕಾರುಗಳ ಎಂಜಿನುಗಳಲ್ಲಿ 1950ರ ದಶಕದ ವರೆಗೂ ಉಳಿಯಿತು.

ಇಲ್ಲಿ ಗಮನಿಸಬೇಕಾದುದು ಇಷ್ಟು: ಮೆಟ್ರಿಕ್ ರಂಧ್ರವು ಬ್ಲಾಕಿನಲ್ಲಿ ಉಳಿಯುತ್ತದೆ, ವಿಟ್‌ವರ್ತ್ ತಲೆಯು ಬೋಲ್ಟಿನೊಡನೆ ಕಳೆದುಹೋಗುತ್ತದೆ. ಸಾಕ್ಷ್ಯದ ಅರ್ಧಭಾಗವು ನಷ್ಟವಾದಾಗ ಉಳಿದ ಅರ್ಧವು ಸುಮ್ಮನಿರುವುದಿಲ್ಲ; ಸುಳ್ಳನ್ನೇ ನುಡಿಯುತ್ತದೆ. ಹತ್ತಿರದಲ್ಲಿ ಬಿದ್ದಿರುವ ತುಕ್ಕು ಹಿಡಿದ ಒಂದೆರಡು ಬೋಲ್ಟುಗಳನ್ನು ಕಸವೆಂದು ಎಸೆಯದಿರುವ ಎಚ್ಚರ ಈ ಕಾರಣದಿಂದ ಅವಶ್ಯಕ.

ಚೆವ್ರೊಲೆಟ್ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 1928ರ ವರೆಗಿನ ಅದರ ನಾಲ್ಕು ಸಿಲಿಂಡರಿನ ಎಂಜಿನಿಗೆ ಬೋರು 3 11/16 ಅಂಗುಲ, ಸ್ಟ್ರೋಕು 4 ಅಂಗುಲ. ವ್ಯಾಲ್ವುಗಳು ಹೆಡ್ಡಿನಲ್ಲಿದ್ದುದರಿಂದ ಬ್ಲಾಕಿನ ಪಕ್ಕದಲ್ಲಿ ಫೋರ್ಡಿನಂಥ ವ್ಯಾಲ್ವಿನ ಕೋಣೆ ಕಾಣದು. 1929ರಿಂದ ಆರು ಸಿಲಿಂಡರುಗಳಾದುವು. ಮುಂಬಯಿಯ ಜೋಡಣೆ ಆರಂಭವಾದುದು 1928ರಲ್ಲಿ ಆದುದರಿಂದ ಈ ಸೀಮೆಯ ಚೆವ್ರೊಲೆಟ್ ಲಾರಿಗಳಲ್ಲಿ ಆರು ಸಿಲಿಂಡರಿನವೇ ಹೆಚ್ಚಾಗಿರಬೇಕೆಂದು ನಮ್ಮ ಎಣಿಕೆ.

ದೇಶೀಯ ಎರಕದ ಸಾಧ್ಯತೆಯನ್ನೂ ನೋಡಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ಮಾಡಿ, 1910ರಲ್ಲಿ ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅವರ ಮನೆತನದ ಆಯಿಲ್ ಎಂಜಿನ್ ಕಾರಖಾನೆಯು ಪುಣೆಯಲ್ಲಿ 1946ರಲ್ಲಿ ಸ್ಥಾಪಿತವಾಯಿತು. ಸಾತಾರೆಯ ಕೂಪರ್ ಕಾರಖಾನೆಯು 1922ರದು. ಬೆಳಗಾವಿ, ಕೊಲ್ಲಾಪುರಗಳ ಎರಕದ ಕಾರಖಾನೆಗಳೂ ಹೆಸರಾದವು. ಆದರೆ ಹೊಲದ ಪಂಪಿಗೆಂದೇ ಮಾಡಿದ ಎಂಜಿನಿನ ಕಟ್ಟಡವೇ ಬೇರೆ: ಸಾಮಾನ್ಯವಾಗಿ ಒಂದೇ ಸಿಲಿಂಡರು, ಭಾರವಾದ ಚಕ್ರ, ಎರಕದಲ್ಲಿಯೇ ಬಂದ ಅಗಲವಾದ ಪೀಠ. ಪೀಠವಿಲ್ಲದೆ, ಗೇರುಪೆಟ್ಟಿಗೆಯನ್ನು ಕೂಡಿಸಲು ಹಿಂಬದಿಯಲ್ಲಿ ಸಮತಲವಾದ ಮುಖವುಳ್ಳ ನಾಲ್ಕು ಸಿಲಿಂಡರಿನ ಬ್ಲಾಕು ರಸ್ತೆಯ ಮೇಲೆ ಓಡಿದ್ದೇ ಸರಿ. ಊರಿನ ಎರಕದವನು ಹೆಡ್ಡನ್ನೋ ಪುಲ್ಲಿಯನ್ನೋ ನಕಲು ಮಾಡಿಯಾನು. ಒಳಗೆ ನೀರು ಹರಿಯುವ ಪೊಳ್ಳುಗಳುಳ್ಳ ಇಡೀ ಬ್ಲಾಕನ್ನು ಒಂದೆರಡಕ್ಕಾಗಿ ಹೊಯ್ಯುವ ಶ್ರಮವು ಯಾರಿಗೂ ಗಿಟ್ಟದು.

ಈ ಪರಿಶೀಲನೆಗೆ ಈಗ ಅವಸರವೇಕೆಂದು ಕೇಳಬಹುದು. ಕಾರಣಗಳು ಎರಡು. ಈ ಕಡೆಯ ಮಾತಿನಲ್ಲಿ ಮೋಡಕಾ ಎನ್ನುವ ಗುಜರಿಯ ಬೀಡು ಎರಕದ ಕುಲುಮೆಗೆ ಒಳ್ಳೆಯ ಕಚ್ಚಾಮಾಲು. ತೂಕಕ್ಕೆ ಹೋದ ಬ್ಲಾಕು ಮರಳಿ ಬಾರದು. ಎರಡನೆಯದು ಇದಕ್ಕೆ ವಿರುದ್ಧವಾದ ಅಪಾಯ. 2021ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಐವತ್ತು ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡಾಗದ ವಾಹನಗಳಿಗೆ ‘ವಿಎ’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯು ಬಂದಿತು. ಹಳೆಯ ಗಾಡಿಗೆ ಹೀಗೆ ಮಾನವೂ ಬೆಲೆಯೂ ಬಂದ ಮೇಲೆ, ನಂಬರಿಲ್ಲದ ಬ್ಲಾಕಿಗೆ ನಂಬರನ್ನು ಕುಟ್ಟಿ ಹೊಸ ವಂಶಾವಳಿಯನ್ನು ಬರೆಯುವ ಆಸೆ ಹುಟ್ಟುವುದು ಸಹಜ. ಕೂಟಶಾಸನಗಳನ್ನು ಕಂಡ ನಮಗೆ ಇದು ಹೊಸದಲ್ಲ.

ಆದುದರಿಂದ ಕಾಲೇಜುಗಳ ಇತಿಹಾಸ ವಿಭಾಗಗಳು ಇಂಥ ಬ್ಲಾಕನ್ನು ಸಂಗ್ರಹಿಸಿದಲ್ಲಿ, ಚೀಟಿಯ ಮೇಲೆ ಮೂರು ಮಾತುಗಳನ್ನು ಬೇರೆ ಬೇರೆಯಾಗಿ ಬರೆಯಬೇಕೆಂದು ನಮ್ಮ ಸೂಚನೆ: ಅಳತೆಯಿಂದ ಸಿದ್ಧವಾದುದು, ಸಂದರ್ಭದಿಂದ ಊಹಿಸಿದುದು, ಒಡೆಯನ ಮನೆಯವರು ಹೇಳಿದುದು. ಮೊದಲ ಉದಾಹರಣೆಯ ಬ್ಲಾಕಿಗೆ ‘ಫೋರ್ಡ್ ಟಿ ಮಾದರಿ, 1908-1927, ಕೆನಡಾದ್ದಾಗಿರಬಹುದು, ಬೋರು ಸಾವಿರದ ನಲವತ್ತು ಭಾಗ ಹಿಗ್ಗಿಸಿದೆ’ ಎಂದು ಬರೆದು, ಪಂಪಿಗಾಗಿ ಕೊರೆದ ತೂತುಗಳ ಸ್ಥಾನವನ್ನೂ ಬೆಸುಗೆಯ ಗುರುತುಗಳನ್ನೂ ನಕ್ಷೆಯಲ್ಲಿ ತೋರಿಸಿ, ನಂಬರಿನ ಜಾಗದ ಪಡಿಯಚ್ಚು ಖಾಲಿಯಾಗಿದ್ದರೂ ಅದನ್ನು ಹಾಗೆಯೇ ಚೀಟಿಯೊಡನೆ ಇರಿಸತಕ್ಕದ್ದು.